ಗುಜರಿ ಕಬ್ಬಿಣದಿಂದ ಊರಿಗೊಂದು ಎತ್ತು: ಜಾಗ ಹುಡುಕುವುದರಿಂದ ಮೊದಲ ಮಳೆಯವರೆಗೆ

ನನಗೆ ಬರುವ ಗುಜರಿ ಶಿಲ್ಪಗಳ ಫೋಟೋಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. ಎತ್ತಿನ ತಲೆ ಮುಗಿದಿರುತ್ತದೆ. ಕಣ್ಣಿಗೆ ಬೇರಿಂಗ್, ಕೋಡಿಗೆ ಬಗ್ಗಿಸಿದ ಸಲಾಕೆ, ಮೂಗುದಾರಕ್ಕೆ ಬೈಕಿನ ಚೈನು. ತುಂಬಾ ಚೆನ್ನಾಗಿಯೇ ಇರುತ್ತದೆ. ಆದರೆ ಮೈ ಇಲ್ಲ. ಆರು ತಿಂಗಳಿಂದ ಆ ತಲೆ ವೆಲ್ಡಿಂಗ್ ಶಾಪಿನ ಮೂಲೆಯಲ್ಲಿ ಕೂತಿರುತ್ತದೆ. "ಸರ್, ಮುಂದೆ ಹೇಗೆ ಮಾಡೋದು?" ಎಂದು ಕೆಳಗೆ ಬರೆದಿರುತ್ತಾರೆ.

ಉಳಿದ ಫೋಟೋಗಳನ್ನು ನೋಡಿದರೆ ಇನ್ನೂ ಬೇಜಾರಾಗುತ್ತದೆ. ಎರಡನೇ ಮಳೆಗಾಲಕ್ಕೆ ಕಾಲು ತುಕ್ಕು ಹಿಡಿದು ವಾಲಿದ ಕುದುರೆ. ಅನುಮತಿ ಇಲ್ಲವೆಂದು ಸರ್ಕಲ್‌ನಿಂದ ಕಿತ್ತು ಪಂಚಾಯಿತಿ ಕಟ್ಟಡದ ಹಿಂದೆ ಹಾಕಿದ ನವಿಲು. ಇವರಿಗೆಲ್ಲ ಕೈಕೆಲಸ ಬರುತ್ತದೆ. ತಪ್ಪಿರುವುದು ಕೆಲಸದ ಕ್ರಮ. ಅದಕ್ಕೇ ಈ ಬರಹವನ್ನು ಕ್ರಮದಲ್ಲೇ ಬರೆದಿದ್ದೇನೆ. ಉದಾಹರಣೆಗೆ ನಿಜವಾದ ಎತ್ತಿನ ಅಳತೆಯ ಒಂದು ಎತ್ತು ತೆಗೆದುಕೊಳ್ಳೋಣ. ಹಿಣಿಲಿನ (ಭುಜದ ಮೇಲಿನ ಡುಬ್ಬದ) ಹತ್ತಿರ ಸುಮಾರು 1.5 ಮೀಟರ್ ಎತ್ತರ. ಚಿಕ್ಕ ಪಟ್ಟಣದ ಪಾರ್ಕಿಗೆ ಸರಿಹೋಗುವ ಗಾತ್ರ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

200 ಆಂಪಿಯರಿನ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಸಾಕು. 4 ಇಂಚಿನ ಗ್ರೈಂಡರ್ ಎರಡಿರಲಿ. ಒಂದಕ್ಕೆ ಕಟಿಂಗ್ ವೀಲ್, ಇನ್ನೊಂದಕ್ಕೆ ವೈರ್ ಬ್ರಷ್. ಒಂದರಲ್ಲೇ ಬದಲಿಸಿ ಬದಲಿಸಿ ಮಾಡುವಾಗ ಬೇಸರಕ್ಕೆ ಗಾರ್ಡ್ ಬಿಚ್ಚಿಡುತ್ತಾರೆ, ಅಲ್ಲೇ ಕೈ ಕತ್ತರಿಸಿಕೊಳ್ಳುತ್ತಾರೆ. ಡ್ರಿಲ್, ಬೆಂಚ್ ವೈಸ್, ಸುತ್ತಿಗೆ, ಚೈನ್ ಪುಲ್ಲಿ, ಟೇಪು, ಸೀಮೆಸುಣ್ಣ, ಒಂದು ದೊಡ್ಡ ಅಯಸ್ಕಾಂತ ಬೇಕು.

ಮೈಗೆ: 10 ಅಥವಾ 11ನೇ ನಂಬರಿನ ಗಾಜಿರುವ ವೆಲ್ಡಿಂಗ್ ಶೀಲ್ಡ್, ಚರ್ಮದ ಕೈಗವಸು, ಹತ್ತಿಯ ಬಟ್ಟೆ, ಕಾಲಿಗೆ ಬೂಟು. ಪಾಲಿಯೆಸ್ಟರ್ ಶರ್ಟಿಗೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಇನ್ನೊಂದು ಮಾತು. ಊರಲ್ಲಿ ವೆಲ್ಡಿಂಗ್ ಶುರುವಾದರೆ ಮಕ್ಕಳು ಸುತ್ತ ಸೇರುತ್ತಾರೆ. ಆ ಬೆಳಕು ನೋಡಿದವರಿಗೆ ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿಯುತ್ತದೆ. ಕೆಲಸದ ಸುತ್ತ ಒಂದು ಟಾರ್ಪಾಲಿನ್ ಪರದೆ ಕಟ್ಟಿ, ಆಮೇಲೆ ಮಷಿನ್ ಆನ್ ಮಾಡಿ.

ಹಂತ 1: ಜಾಗ ಮತ್ತು ಕಾಗದ

ಎಲ್ಲರ ಕಣ್ಣು ಹೋಗುವುದು ಬಸ್ ನಿಲ್ದಾಣದ ಮುಂದಿನ ಸರ್ಕಲ್ ಮೇಲೆ. ಅದನ್ನು ಮೊದಲೇ ಬಿಟ್ಟುಬಿಡಿ. ರಸ್ತೆ, ಫುಟ್‌ಪಾತ್ ಮತ್ತು ಸಾರ್ವಜನಿಕ ಬಳಕೆಯ ಇತರ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಆದೇಶ ಮಾಡಿದೆ. "ಇದು ಪ್ರತಿಮೆ ಅಲ್ಲ, ಕಲೆ" ಎಂದು ವಾದ ಮಾಡುತ್ತಾ ಕೂರುವುದು ಸುಮ್ನೆ ಕಾಲ ಕಳೆದಂತೆ. ಅದೂ ಅಲ್ಲದೆ ಸರ್ಕಲ್‌ನಲ್ಲಿ ಕೋಡು ಚಾಚಿ ನಿಂತ ಎತ್ತು ವಾಹನ ಓಡಿಸುವವರ ನೋಟಕ್ಕೆ ಅಡ್ಡ.

ಕಾಂಪೌಂಡ್ ಇರುವ ಜಾಗ ಹುಡುಕಿ. ಶಾಲೆಯ ಅಂಗಳ, ಎಪಿಎಂಸಿ ಪ್ರಾಂಗಣ, ಸಹಕಾರ ಸಂಘದ ಆವರಣ, ಗ್ರಂಥಾಲಯದ ಮುಂಭಾಗ. ಪಾರ್ಕ್ ಆದರೆ ಪಟ್ಟಣ ಪಂಚಾಯಿತಿ ಲಿಖಿತ ಒಪ್ಪಿಗೆ ಕೊಡುವವರೆಗೆ ಒಂದು ವೆಲ್ಡಿಂಗ್ ರಾಡ್ ಕೂಡ ಸುಡಬೇಡಿ. ಹಳ್ಳಿಯಲ್ಲಾದರೆ ಪಿಡಿಒ ಬಾಯಿಮಾತಿನಲ್ಲಿ "ಆಗಲಿ ಮಾಡಿ" ಅಂದದ್ದು ಸಾಲದು. ಪಂಚಾಯಿತಿ ಸಭೆಯಲ್ಲಿ ಠರಾವು ಆಗಬೇಕು. ಠರಾವಿನಲ್ಲಿ ಮೂರು ವಿಷಯ ಇರಲಿ: ನಿಂತ ಮೇಲೆ ಅದು ಯಾರ ಸ್ವತ್ತು, ಬಣ್ಣ ಯಾರು ಬಳಿಸಬೇಕು, ಏನಾದರೂ ಆದರೆ ತೆಗೆಯುವ ಅಧಿಕಾರ ಯಾರದು. ನಾನು ಒಂದು ಊರಿನಲ್ಲಿ ಇದನ್ನು ಬರೆಸಿಕೊಳ್ಳದೆ ಕೊಟ್ಟೆ. ಅಧಿಕಾರಿ ಬದಲಾದರು. ಹೊಸಬರಿಗೆ ಅದು ಯಾರೋ ತಂದು ಬಿಟ್ಟ ಗುಜರಿಯಾಗಿ ಕಂಡಿತು.

ಎತ್ತಿನ ವಿಷಯದಲ್ಲಿ ಇನ್ನೊಂದನ್ನು ಮೊದಲೇ ಮಾತಾಡಿಕೊಳ್ಳಿ. ನಮ್ಮ ಕಡೆ ಎತ್ತು ನಿಂತರೆ ಅದು ಬಸವಣ್ಣ. ವಾರದೊಳಗೆ ಅರಿಶಿನ, ಕುಂಕುಮ, ಎಣ್ಣೆ ಬರುತ್ತವೆ. ಜನರ ಆ ಭಕ್ತಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಎಣ್ಣೆಗೆ ಧೂಳು ಅಂಟುತ್ತದೆ, ಕರ್ಪೂರದ ಉರಿಗೆ ಬಣ್ಣ ಏಳುತ್ತದೆ. ಸಾರ್ವಜನಿಕ ಜಾಗದಲ್ಲಿ ಅನಧಿಕೃತ ಪೂಜಾಸ್ಥಳ ಆಗಬಾರದೆಂಬ 2009ರ ಸುಪ್ರೀಂ ಕೋರ್ಟ್ ಆದೇಶವೂ ಇದೆ. ಊರಿನ ಹಿರಿಯರ ಜೊತೆ ಕೂತು ಮಾತಾಡಿ. ಪೂಜೆ ಖಂಡಿತ ಆಗುತ್ತದೆ ಅನ್ನಿಸಿದರೆ ಬೇರೆ ಪ್ರಾಣಿ ಆರಿಸಿಕೊಳ್ಳಿ. ಕೃಷ್ಣಮೃಗ, ಟಗರು, ಕೊಕ್ಕರೆ, ಯಾವುದಾದರೂ ಸರಿ. ಕ್ರಮ ಇದೇ.

ಹಂತ 2: ಎತ್ತಿನ ಎದುರು ನಿಂತು ಅಳತೆ ತೆಗೆಯಿರಿ

ಮೊಬೈಲ್‌ನಲ್ಲಿ ಸಿಕ್ಕ ಚಿತ್ರ ನೋಡಿ ಮಾಡಬೇಡಿ. ನಿಮ್ಮೂರಲ್ಲೇ ಎತ್ತು ಇದೆ. ಟೇಪು ಹಿಡಿದು ಹೋಗಿ. ಯಾವ ತಳಿ ಎಂದು ಮೊದಲು ನಿರ್ಧಾರ ಮಾಡಿ. ಹಳ್ಳಿಕಾರ್ ಎತ್ತಿನ ಕೋಡು ನೆತ್ತಿಯಿಂದ ಹತ್ತಿರ ಹತ್ತಿರ ಹೊರಟು, ಹಿಂದಕ್ಕೆ ನೇರ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತದೆ. ಮಲೆನಾಡು ಗಿಡ್ಡದ ಮೈಗೆ ಆ ಕೋಡು ಇಟ್ಟರೆ ರೈತರು ದೂರದಿಂದಲೇ ಗುರುತಿಸಿ ನಗುತ್ತಾರೆ. ಅವರ ಕಣ್ಣಿಗೆ ಒಪ್ಪಿಗೆ ಆಗುವುದೇ ದೊಡ್ಡ ಪರೀಕ್ಷೆ.

ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ಫೋಟೋ ತೆಗೆಯಿರಿ. ಎದುರಿನಿಂದ ನೋಡಿದರೆ ಎತ್ತಿನ ಮೈ ಡ್ರಮ್ಮಿನ ಹಾಗೆ ದುಂಡಗಿಲ್ಲ, ಅಗಲಕ್ಕಿಂತ ಆಳ ಜಾಸ್ತಿ ಎಂದು ಗೊತ್ತಾಗುತ್ತದೆ. ಹಿಂಗಾಲನ್ನು ವಿಶೇಷವಾಗಿ ನೋಡಿ. ಮುಂಗಾಲಿನ ಮಂಡಿ ಕಂಬದ ಹಾಗೆ ನೇರ. ಹಿಂಗಾಲಿನ ನಡುಗಂಟು ಹಿಂದಕ್ಕೆ ಚಾಚಿ, ಅಲ್ಲಿಂದ ಗೊರಸಿಗೆ ಇಳಿಯುತ್ತದೆ. ನಾಲ್ಕೂ ಕಾಲನ್ನು ಒಂದೇ ಥರ ಮಾಡುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಮಾಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ಕೊನೆಗೆ ಅದು ಮೇಜಿನ ಹಾಗೆ ನಿಲ್ಲುತ್ತದೆ.

ಆಮೇಲೆ ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಯ ಪಕ್ಕದ ನೋಟ ಬರೆಯಿರಿ. ಬೆನ್ನುಮೂಳೆ, ಭುಜ, ಸೊಂಟ, ಮಂಡಿ, ನಡುಗಂಟು, ಗೊರಸು ಇಷ್ಟನ್ನೂ ಚುಕ್ಕೆ ಇಟ್ಟು ಗುರುತಿಸಿ. ಈ ಚಿತ್ರ ಕೆಲಸ ಮುಗಿಯುವವರೆಗೆ ಅಳಿಸಬಾರದು.

ತೂಕವನ್ನೂ ಈಗಲೇ ಲೆಕ್ಕ ಹಾಕಿ. 1 ಮಿ.ಮೀ. ದಪ್ಪದ 1 ಚದರ ಮೀಟರ್ ಕಬ್ಬಿಣ 7.85 ಕೆ.ಜಿ. ತೂಗುತ್ತದೆ. ನಮ್ಮ ಎತ್ತಿನ ಮೈ ಸುಮಾರು 6 ಚದರ ಮೀಟರ್. ಗುಜರಿಯ ಸರಾಸರಿ ದಪ್ಪ 5 ಮಿ.ಮೀ., ನಡುವೆ ಖಾಲಿ ಬಿಟ್ಟು ಶೇ 60ರಷ್ಟು ಮುಚ್ಚುತ್ತೀರಿ ಎಂದರೆ ಚರ್ಮ ಮಾತ್ರ 140 ಕೆ.ಜಿ. ದಾಟುತ್ತದೆ. ಕಬ್ಬಿಣದ ರಾಡಿನ ತೂಕಕ್ಕೆ ಬಾರ್ ಬೆಂಡರ್‌ಗಳ ಹಳೇ ಸೂತ್ರ ಸಾಕು: ಮಿ.ಮೀ. ಲೆಕ್ಕದ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. ಎಲುಬು, ತಲೆ, ತಳದ ಫ್ರೇಮ್ ಸೇರಿ ಒಟ್ಟು 300 ಕೆ.ಜಿ. ಆಸುಪಾಸು ಎಂದು ಇಟ್ಟುಕೊಳ್ಳಿ.

ಹಂತ 3: ಗುಜರಿ ಕೂಡಿಸುವುದು, ಬೇರೆ ಮಾಡುವುದು

ಗುಜರಿ ಅಂಗಡಿಗಿಂತ ಮೊದಲು ರೈತರ ಮನೆಗೆ ಹೋಗಿ. ಸವೆದ ನೇಗಿಲ ಗುಳ, ಕುಂಟೆಯ ಕುಡ, ಹಳೇ ಕುಡುಗೋಲು, ಗಾಡಿ ಗಾಲಿಯ ಹಳಿ, ಎತ್ತಿನ ಲಾಳ ಇವೆಲ್ಲ ಅಟ್ಟದ ಮೇಲೆ ಬಿದ್ದಿರುತ್ತವೆ. ಗುಳದ ಒಂದು ಬದಿ ಮಣ್ಣಿಗೆ ತೀಡಿ ತೀಡಿ ನುಣ್ಣಗಾಗಿರುತ್ತದೆ. ಆ ಬದಿ ಹೊರಗೆ ಕಾಣುವ ಹಾಗೆ ಹಚ್ಚಿ. ಒಬ್ಬ ಅಜ್ಜ ತಮ್ಮ ಗುಳವನ್ನು ಎತ್ತಿನ ಭುಜದಲ್ಲಿ ಹುಡುಕಿ, ಬೆರಳಿನಿಂದ ಸವರಿ ನೋಡಿದ್ದು ನನಗೆ ಈಗಲೂ ನೆನಪಿದೆ.

ಗುಜರಿ ಅಂಗಡಿಯಲ್ಲಿ ತೂಕದ ರಸೀದಿ ಕೇಳಿ ಪಡೆಯಿರಿ. ರೈಲ್ವೆಯ ಕ್ಲಿಪ್ಪು, ಫಿಶ್‌ಪ್ಲೇಟು, ಬೋಲ್ಟು ಎಷ್ಟು ಚೆಂದ ಕಂಡರೂ ಮುಟ್ಟಬೇಡಿ. ಕದ್ದ ರೈಲ್ವೆ ಸ್ವತ್ತು ಇಟ್ಟುಕೊಳ್ಳುವುದು 1966ರ ಕಾಯ್ದೆಯಡಿ ಅಪರಾಧ. ವಿದ್ಯುತ್ ಟವರಿನ ಆಂಗಲ್, ಚರಂಡಿಯ ಕಬ್ಬಿಣದ ಮುಚ್ಚಳ, ನಂಬರ್ ಇರುವ ಇಂಜಿನ್ ಬ್ಲಾಕ್ ಕೂಡ ಬೇಡ. ಊರ ನಡುವೆ ನಿಲ್ಲುವ ವಸ್ತುವಿನಲ್ಲಿ ಕಳವಿನ ಮಾಲು ಇರಬಾರದು ಅಲ್ವಾ?

ತಂದದ್ದನ್ನು ನಾಲ್ಕು ಗುಡ್ಡೆ ಮಾಡಿ.

ಮೊದಲನೆಯದು ಮಾಮೂಲಿ ಕಬ್ಬಿಣ. ಗ್ರೈಂಡರ್ ತಾಗಿಸಿದರೆ ಉದ್ದನೆಯ ಹಳದಿ ಕಿಡಿ ಬರುತ್ತದೆ. ಸುಲಭವಾಗಿ ವೆಲ್ಡ್ ಆಗುತ್ತದೆ.

ಎರಡನೆಯದು ಗಟ್ಟಿ ಉಕ್ಕು. ಕಮಾನು ಪಟ್ಟಿ, ಬೇರಿಂಗ್, ರೋಟವೇಟರ್ ಬ್ಲೇಡು. ಕಿಡಿ ತುದಿಯಲ್ಲಿ ಕವಲೊಡೆದು ಹೂಬಾಣದ ಹಾಗೆ ಸಿಡಿಯುತ್ತದೆ. ಹಾಗೇ ವೆಲ್ಡ್ ಮಾಡಿದರೆ ಮರುದಿನ ಪಕ್ಕದಲ್ಲೇ ಬಿರುಕು. ಮೊದಲು ಸುಮಾರು 200 ಡಿಗ್ರಿ ಬಿಸಿ ಮಾಡಿ, ಒಣಗಿದ 7018 ನಂಬರಿನ ವೆಲ್ಡಿಂಗ್ ರಾಡ್ ಬಳಸಿ, ಮುಗಿದ ಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಬೇರಿಂಗ್ ಅನ್ನು ಮಾತ್ರ ಬಿಸಿ ಮಾಡುವ ಮೊದಲು ಸೀಲು, ಗ್ರೀಸು ತೆಗೆಯಿರಿ. ಭಾರ ಹೊರುವ ಜಾಗಕ್ಕಂತೂ ಇವು ಬೇಡವೇ ಬೇಡ.

ಮೂರನೆಯದು ಬೀಡು ಕಬ್ಬಿಣ. ಕಿಡಿ ಗಿಡ್ಡ, ಮಂಕು ಕೆಂಪು. ವೆಲ್ಡ್ ಮಾಡಿ ಆರುವಾಗ "ಟಿಕ್" ಎಂಬ ಸದ್ದು ಕೇಳಿದರೆ ಅದು ಒಡೆಯಿತು ಎಂದೇ ಅರ್ಥ. ತೂತು ಹೊಡೆದು ಬೋಲ್ಟಿನಲ್ಲಿ ಕೂರಿಸಿ.

ನಾಲ್ಕನೆಯದು ಬೇಡದ್ದು. ಜಿಐ (ಸತುವು ಲೇಪಿಸಿದ) ಪೈಪು, ಕ್ರೋಮ್ ಹೊಳಪಿನ ಬಂಪರು, ಮುಚ್ಚಿದ ಶಾಕ್ ಅಬ್ಸಾರ್ಬರ್, ಪೆಟ್ರೋಲ್ ಟ್ಯಾಂಕು, ಗ್ಯಾಸ್ ಸಿಲಿಂಡರು, ಬ್ಯಾಟರಿ, ಹಳೇ ಬ್ರೇಕ್ ಲೈನಿಂಗ್. ಜಿಐ ಸುಟ್ಟಾಗ ಬರುವ ಬಿಳಿ ಹೊಗೆಯಿಂದ ಸಂಜೆಗೆ ಚಳಿಜ್ವರ ಬರುತ್ತದೆ. ಕ್ರೋಮ್ ಹೊಗೆ ಅದಕ್ಕಿಂತ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು. ಶಾಕ್ ಅಬ್ಸಾರ್ಬರ್ ಬಿಸಿಯಾದರೆ ಬಾಂಬಿನ ಹಾಗೆ ಸಿಡಿಯುತ್ತದೆ. ಟ್ಯಾಂಕು ಖಾಲಿ ಇದೆ ಎನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಉಳಿದ ಆವಿಯೇ ಸಾಕು.

ಹಂತ 4: ತೊಳೆಯುವುದು

ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ತಿಕ್ಕಿ, ಬಿಸಿಲಿಗೆ ಒಣಗಿಸಿ, ವೈರ್ ಬ್ರಷ್ ಹಾಕಿ. ಸ್ಪ್ರೇ ಡಬ್ಬಿಯ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಕೆಲವದರಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ವೆಲ್ಡಿಂಗ್ ಬೆಳಕು ತಾಗಿದರೆ ಅದರಿಂದ ಫಾಸ್ಜೀನ್ ಎಂಬ ವಿಷದ ಗಾಳಿ ಹುಟ್ಟುತ್ತದೆ.

ಹಂತ 5: ಎಲುಬಿನ ಗೂಡು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಇಲ್ಲಿ ಗುಜರಿ ಬಳಸಬೇಡಿ, ಹೊಸ ಮಾಲು ತನ್ನಿ. ಇದೊಂದು ಕಡೆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಗುಜರಿ ಪೈಪು ಒಳಗಿನಿಂದ ಎಷ್ಟು ತಿಂದಿದೆ ಎಂದು ಹೊರಗೆ ಕಾಣುವುದಿಲ್ಲ.

ತಳಕ್ಕೆ 100 ಮಿ.ಮೀ. ಚಾನಲ್‌ನ ಒಂದು ಚೌಕಟ್ಟು. ಅದರ ಮೇಲೆ 10 ಮಿ.ಮೀ. ಪ್ಲೇಟಿನ ನಾಲ್ಕು ಪಾದ. ಕಾಲಿಗೆ 50 ಮಿ.ಮೀ. ಬಿ ಕ್ಲಾಸ್ (ಮಧ್ಯಮ ದಪ್ಪದ) ಕಪ್ಪು ಪೈಪು, ಬೆನ್ನಿಗೆ 40 ಮಿ.ಮೀ. ಪೈಪು. ನೆಲದ ಚಿತ್ರದ ಮೇಲೆ ಪೈಪು ಇಟ್ಟು ಮಂಡಿ, ನಡುಗಂಟಿನ ಕಡೆ ಓರೆಗೆ ಕತ್ತರಿಸಿ ಜೋಡಿಸಿ. ಆ ಕೀಲುಗಳ ಒಳಮಗ್ಗುಲಿಗೆ ತ್ರಿಕೋನದ ಪ್ಲೇಟು ಹಚ್ಚಿ, ಮುರಿಯುವುದು ಅಲ್ಲೇ. ನಾಲ್ಕು ಕಾಲೂ ಸಾಲಾಗಿ ಬೇಡ. ಒಂದು ಮುಂಗಾಲು, ಅದರ ಎದುರು ಬದಿಯ ಹಿಂಗಾಲು ಒಂದು ಗೇಣು ಮುಂದಿರಲಿ. ಅಷ್ಟಕ್ಕೇ ಎತ್ತು ನಡೆಯುತ್ತಿರುವ ಹಾಗೆ ಕಾಣುತ್ತದೆ.

ಪಕ್ಕೆಲುಬಿಗೆ 12 ಮಿ.ಮೀ. ಕಬ್ಬಿಣದ ರಾಡಿನ ಆರು ಬಳೆ. ಎದೆಯ ಬಳಿ ಆಳವಾಗಿ, ಹೊಟ್ಟೆಯ ಬಳಿ ಅಗಲವಾಗಿ, ಸೊಂಟಕ್ಕೆ ಬರುವಾಗ ಕಿರಿದಾಗಿ. ಎದುರು ನಿಂತು ತೆಗೆದ ಫೋಟೋ ಈಗ ಕೆಲಸಕ್ಕೆ ಬರುತ್ತದೆ. ಬೆನ್ನಿನ ಪೈಪಿಗೆ ಎತ್ತುವ ಕೊಂಡಿ ಎರಡನ್ನು ಈಗಲೇ ಹಚ್ಚಿ. ಚರ್ಮ ಆದ ಮೇಲೆ ಹಚ್ಚಿದರೆ ಅದು ಚರ್ಮವನ್ನಷ್ಟೇ ಹಿಡಿದಿರುತ್ತದೆ.

ಮೊದಲು ಎಲ್ಲವನ್ನೂ ಟ್ಯಾಕ್ (ಹಿಡಿದಿಡುವಷ್ಟು ಚುಕ್ಕೆ ವೆಲ್ಡ್) ಮಾತ್ರ ಹೊಡೆಯಿರಿ. ದೂರ ನಿಂತು ನೋಡಿ. ಸರಿ ಅನ್ನಿಸಿದ ಮೇಲೆ ಪೂರ್ತಿ ವೆಲ್ಡ್. 3.15 ಮಿ.ಮೀ.ನ 6013 ನಂಬರಿನ ವೆಲ್ಡಿಂಗ್ ರಾಡಿಗೆ 90ರಿಂದ 130 ಆಂಪಿಯರ್, 2.5 ಮಿ.ಮೀ. ರಾಡಿಗೆ 60ರಿಂದ 90. ಒಂದೇ ಕಡೆ ಉದ್ದಕ್ಕೆ ಎಳೆಯಬೇಡಿ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ನಾಲ್ಕು ಬೆರಳಗಲ ಎಡಕ್ಕೆ, ನಾಲ್ಕು ಬೆರಳಗಲ ಬಲಕ್ಕೆ. ರಾಡು ಪದೇಪದೇ ಅಂಟಿಕೊಳ್ಳುತ್ತಿದ್ದರೆ ನಿಮ್ಮ ಕೈ ತಪ್ಪು ಅಂತ ತಿಳಿಯಬೇಡಿ. ಊರಲ್ಲಿ ಸಂಜೆ ವೋಲ್ಟೇಜ್ ಇಳಿದಿರುತ್ತದೆ, ಇಲ್ಲವೇ ಎಕ್ಸ್‌ಟೆನ್ಶನ್ ವೈರು ತೆಳ್ಳಗಿರುತ್ತದೆ. ಅಂಥ ಹೊತ್ತಿನಲ್ಲಿ ಹಾಕಿದ ವೆಲ್ಡು ಮೇಲೆ ಮಾತ್ರ ಕೂತಿರುತ್ತದೆ. ಕಾಲಿನ ಕೆಲಸವನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಈಗ ಪರೀಕ್ಷೆ. ಸೊಂಟದ ಎತ್ತರ ಅಳೆದು ಗೋಡೆಗೆ ಗುರುತು ಹಾಕಿ. 50 ಕೆ.ಜಿ.ಯ ನಾಲ್ಕು ಸಿಮೆಂಟ್ ಚೀಲ ಬೆನ್ನಿನಿಂದ ತೂಗುಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಚೀಲ ಇಳಿಸಿ ಮತ್ತೆ ಅಳೆಯಿರಿ. ಗುರುತಿಗಿಂತ ಕೆಳಗೆ ಬಂದಿದ್ದರೆ, ಅಥವಾ ಭುಜ ಹಿಡಿದು ಅಲ್ಲಾಡಿಸಿದಾಗ ಸೊಂಟ ತೂಗಾಡಿದರೆ, ಚರ್ಮಕ್ಕೆ ಕೈ ಹಾಕಬೇಡಿ. ಎದೆಯಿಂದ ಸೊಂಟಕ್ಕೆ ಅಡ್ಡಪಟ್ಟಿ ಕೊಡಿ.

ಹಂತ 6: ತಳಪಾಯ ಇದೇ ವಾರ ಹಾಕಿ

ಕಾಂಕ್ರೀಟ್ ಪೂರ್ತಿ ಬಲ ಪಡೆಯಲು 28 ದಿನ ಬೇಕು. ಎತ್ತು ಮುಗಿದ ಮೇಲೆ ಹಾಕುವವರು ಕಾಯುವುದಿಲ್ಲ, ಮೂರೇ ದಿನಕ್ಕೆ ತಂದು ನಿಲ್ಲಿಸುತ್ತಾರೆ. ಅದಕ್ಕೇ ಗೂಡು ಆದ ವಾರವೇ ಹಾಕಿಸಿ. 2.4 ಮೀಟರ್ ಉದ್ದ, 1.2 ಮೀಟರ್ ಅಗಲ, 45 ಸೆಂ.ಮೀ. ದಪ್ಪದ ದಿಮ್ಮಿ 3 ಟನ್ ದಾಟುತ್ತದೆ. ಏಳೆಂಟು ಮಕ್ಕಳು ಒಂದೇ ಕಡೆ ಹತ್ತಿದರೂ ಎತ್ತು ವಾಲುವುದಿಲ್ಲ. ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿ. ಕಡಿಮೆ ಅಂದರೂ ಏಳು ದಿನ ನೀರು ಹೊಡೆಯಿರಿ.

16 ಮಿ.ಮೀ.ನ ಎಂಟು ಬೋಲ್ಟುಗಳನ್ನು ಹೂಳುವಾಗ, ತಳದ ಚೌಕಟ್ಟಿನ ತೂತುಗಳನ್ನು ಪ್ಲೈವುಡ್ ಮೇಲೆ ಗುರುತು ಹಾಕಿ ಅದನ್ನೇ ಅಚ್ಚಾಗಿ ಬಳಸಿ. ಟೇಪಿನ ಅಳತೆ ನಂಬಿದರೆ ಒಂದಾದರೂ ಬೋಲ್ಟು ಕೂರುವುದಿಲ್ಲ.

ಗದಗ, ವಿಜಯಪುರದ ಕಡೆ ಎರೆ ಭೂಮಿಯಲ್ಲಿ ಇಷ್ಟು ಸಾಲದು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗರಸು (ಗಟ್ಟಿ ಕಲ್ಲುಮಣ್ಣು) ಸಿಗುವವರೆಗೆ ಅಗೆಸಿ, ಊರಿನ ಇಂಜಿನಿಯರ್ ಒಬ್ಬರಿಗೆ ಗುಂಡಿ ತೋರಿಸಿ. ದಿಮ್ಮಿಯ ಮೇಲ್ಭಾಗ ನೀರು ಹರಿದುಹೋಗುವಷ್ಟು ಇಳಿಜಾರಾಗಿರಲಿ.

ಹಂತ 7: ಚರ್ಮ ಕೆಳಗಿನಿಂದ, ತಲೆ ಕೊನೆಗೆ

ಕಾಲಿನಿಂದ ಶುರು ಮಾಡಿ. ಒಳ್ಳೆಯ ತುಂಡುಗಳನ್ನೆಲ್ಲ ತಲೆಗೆ ಖರ್ಚು ಮಾಡಿದರೆ ಮೈಗೆ ಚೂರುಪಾರು ಉಳಿಯುತ್ತದೆ. ತಲೆಯ ಅಳತೆ ಮೈಗೆ ಹೊಂದದೇ ಹೋಗುವುದೂ ಇದರಿಂದಲೇ.

ತುಂಡುಗಳನ್ನು ಕೂದಲು ಹೋಗುವ ದಿಕ್ಕಿನಲ್ಲಿ ಇಡಿ. ಭುಜಕ್ಕೆ ಗುಳ, ತೊಡೆಗೆ ಕುಂಟೆಯ ಕುಡ, ಪಕ್ಕೆಗೆ ಗಾಲಿ ಹಳಿಯ ಪಟ್ಟಿ, ಗೊರಸಿಗೆ ಲಾಳ. ಹಿಣಿಲಿಗೆ ಕ್ಲಚ್ ಪ್ಲೇಟುಗಳನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಕೂರಿಸಿದರೆ ಆ ದಪ್ಪ ಮಾಂಸದ ಭಾವ ಬರುತ್ತದೆ. ಗಂಗೆದೊಗಲಿಗೆ ತಗಡು ಬೇಡ. ಟ್ರ್ಯಾಕ್ಟರಿನ ಹಳೇ ಚೈನನ್ನು ಗದ್ದದಿಂದ ಎದೆಯವರೆಗೆ ಮೂರು ಸಾಲು ಇಳಿಬಿಟ್ಟು, ಅದು ತಾನಾಗಿ ಜೋತ ಹಾಗೆಯೇ ಕೊಂಡಿಗಳನ್ನು ಟ್ಯಾಕ್ ಮಾಡಿ. ಭಾರಕ್ಕೆ ಜೋಲುವ ಚರ್ಮ ಹೇಗಿರುತ್ತದೋ ಹಾಗೇ ಬರುತ್ತದೆ.

ಪ್ರತಿ ತುಂಡಿಗೂ ಕನಿಷ್ಠ ಎರಡು ಕಡೆ ವೆಲ್ಡ್ ಇರಲಿ, ಒಂದಾದರೂ ಎಲುಬಿಗೋ ಬಳೆಗೋ ತಾಗಿರಲಿ. ತುಂಡಿಗೆ ತುಂಡು ಮಾತ್ರ ಹಿಡಿದುಕೊಂಡಿದ್ದರೆ ಒಂದು ಬಿದ್ದಾಗ ನಾಲ್ಕು ಬೀಳುತ್ತವೆ. ದಿನದ ಕೊನೆಗೆ ಸ್ಲ್ಯಾಗ್ (ವೆಲ್ಡಿನ ಮೇಲೆ ಗಟ್ಟಿಯಾದ ಕಿಟ್ಟ) ಕಿತ್ತು, ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ತಟ್ಟಿ. ಗಟ್ಟಿಯಾಗಿ ಹಿಡಿದಿದ್ದರೆ ಗಂಟೆಯ ಹಾಗೆ ಸದ್ದು ಬರುತ್ತದೆ. ಒಡಕು ಸದ್ದು ಬಂದರೆ ಅಲ್ಲೇ ಸುಣ್ಣದ ಗುರುತು ಹಾಕಿ.

ಕೋಡಿನ ತುದಿ ಚೂಪಾಗಿ ಬಿಡಬೇಡಿ. ಗೋಲಿ ಗಾತ್ರದ ಗುಂಡು ಹಚ್ಚಿ. ಮೇಲೆ ಹತ್ತುವ ಮಕ್ಕಳ ಮುಖಕ್ಕೆ ತಾಗುವುದು ಅದೇ.

ಹಂತ 8: ನೀರು ಮತ್ತು ಬೆರಳು

ಬಣ್ಣಕ್ಕೆ ಮೊದಲು ಎರಡು ತಪಾಸಣೆ. ಒಂದು ಕೊಡ ನೀರನ್ನು ಬೆನ್ನಿನ ಮೇಲೆ ನಿಧಾನವಾಗಿ ಸುರಿಯಿರಿ. ಹತ್ತು ನಿಮಿಷ ಬಿಟ್ಟು ಟಾರ್ಚ್ ಹಿಡಿದು ಹುಡುಕಿ. ಕಿವಿಯ ಬಟ್ಟಲು, ಮಗುಚಿಟ್ಟ ಲಾಳ, ಗಾಲಿ ಹಳಿಯ ಒಳಬದಿ, ಎರಡು ಪ್ಲೇಟಿನ ನಡುವೆ ನೀರು ನಿಂತಿರುತ್ತದೆ. ಅಲ್ಲೆಲ್ಲ 8 ಮಿ.ಮೀ. ತೂತು. ಕಾಲಿನ ಪೈಪಿನ ಬುಡಕ್ಕೂ ಒಂದೊಂದು ತೂತು ಬೇಕು. ಮೇಲಿಂದ ನೀರು ಇಳಿದು ಕೆಳಗೆ ದಾರಿ ಇಲ್ಲದ ಪೈಪು ಒಳಗಿನಿಂದ ಕೊಳೆಯುತ್ತದೆ. ನಾನು ಮೊದಲು ಹೇಳಿದ ಕುದುರೆ ವಾಲಿದ್ದು ಇದೇ ಕಾರಣಕ್ಕೆ.

ಆಮೇಲೆ ಹಳೇ ಸೀರೆಯ ತುಂಡಿನಿಂದ ಇಡೀ ಮೈ ಒರೆಸಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮಗುವಿನ ಕೈ ಹರಿಯುತ್ತದೆ. ಗ್ರೈಂಡರ್ ಹಾಕಿ. ಮಗುವಿನ ಬೆರಳು ಸಿಕ್ಕಿಕೊಳ್ಳುವುದು 8ರಿಂದ 25 ಮಿ.ಮೀ. ಸಂದಿನಲ್ಲಿ, ತಲೆ ಸಿಕ್ಕಿಕೊಳ್ಳುವುದು ಸುಮಾರು 9ರಿಂದ 23 ಸೆಂ.ಮೀ. ಸಂದಿನಲ್ಲಿ. ಹೊಟ್ಟೆಯ ಕೆಳಗೆ, ಕುತ್ತಿಗೆಯ ಬಳಿ ಅಂಥ ಸಂದು ಇದ್ದರೆ ಮುಚ್ಚಿ.

ಹಂತ 9: ಬಣ್ಣ

ತುಕ್ಕಿನ ಬಣ್ಣ ಚೆಂದ ಎಂದು ಬರೀ ಕಬ್ಬಿಣದ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಯುತ್ತಾರೆ. ನನ್ನ ಅನುಭವದಲ್ಲಿ ಅದು ಎರಡು ಮಳೆಗಾಲ ನಿಲ್ಲುವುದಿಲ್ಲ, ಹಪ್ಪಳದ ಹಾಗೆ ಏಳುತ್ತದೆ. ವೈರ್ ಬ್ರಷ್ ಹಾಕಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಎರಡು ತೆಳು ಕೋಟು, ಮೇಲೆ ಬೂದು ಅಥವಾ ಮಾಸಲು ಬಿಳಿ ಎನಾಮೆಲ್. ತಿಳಿ ಬಣ್ಣವೇ ಇರಲಿ. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಕಪ್ಪು ಎತ್ತನ್ನು ಮುಟ್ಟಿದ ಕೈ ಸುಡುತ್ತದೆ. ಕರಾವಳಿಯ ಉಪ್ಪು ಗಾಳಿಗೆ ರೆಡ್ ಆಕ್ಸೈಡ್ ತಡೆಯುವುದಿಲ್ಲ. ಅಲ್ಲಿ ಸತುವು ತುಂಬಿದ ಎಪಾಕ್ಸಿ ಪ್ರೈಮರ್, ಮೇಲೆ ಪಿಯು (ಪಾಲಿಯುರೇಥೇನ್) ಬಣ್ಣ ಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಣ್ಣಕ್ಕೆ ಒಳ್ಳೆಯ ಕಾಲ.

ಹಂತ 10: ಸಾಗಿಸುವುದು, ನಿಲ್ಲಿಸುವುದು

ಟ್ರೇಲರ್ ಮೇಲೆ ಇಟ್ಟ ಎತ್ತಿನ ಕೋಡು ನೆಲದಿಂದ ಎಷ್ಟು ಎತ್ತರ ಬರುತ್ತದೆ ಅಳೆಯಿರಿ. ಹಿಂದಿನ ದಿನ ಆ ದಾರಿಯಲ್ಲಿ ನಡೆದು ತಗ್ಗಿನ ಕರೆಂಟ್ ತಂತಿಗಳನ್ನು ನೋಡಿ ಬನ್ನಿ, ಲೈನ್‌ಮನ್‌ಗೆ ಹೇಳಿ. ಕೋಲಿನಿಂದ ತಂತಿ ಎತ್ತಿ ದಾಟಿಸುವ ಸಾಹಸ ಯಾವ ಕಾರಣಕ್ಕೂ ಬೇಡ. ಬೆನ್ನಿನ ಎರಡೂ ಕೊಂಡಿಗೆ ಬೆಲ್ಟ್ ಹಾಕಿ ಹೈಡ್ರಾ ಕ್ರೇನಿನಲ್ಲಿ ಎತ್ತಿಸಿ. ಕೂರಿಸಿದ ಮೇಲೆ ಚೌಕಟ್ಟಿನ ಕೆಳಗೆ ಸಂದು ಉಳಿದರೆ ಗಾರೆ ತುಂಬಿಸಿ. ನಟ್ಟು ಬಿಗಿದು, ಕಳಚದ ಹಾಗೆ ಒಂದು ಟ್ಯಾಕ್ ಹೊಡೆದು, ಸುಟ್ಟ ಜಾಗಕ್ಕೆ ಪ್ರೈಮರ್ ಹಚ್ಚಿ.

ಹಂತ 11: ಮೊದಲ ಮಳೆ

ಮೊದಲ ಜೋರು ಮಳೆಯ ಮರುದಿನ ಖುದ್ದು ಹೋಗಿ. ವೆಲ್ಡಿನ ಸಂದಿಯಿಂದ ಕೆಂಪು ಗೆರೆ ಇಳಿದಿದ್ದರೆ ಅದರ ಹಿಂದೆ ನೀರು ಕೂತಿದೆ ಎಂದರ್ಥ. ಮೇಲೆ ಬಣ್ಣ ಬಳಿದು ಮುಚ್ಚಬೇಡಿ, ತೂತು ಹೊಡೆದು ನೀರು ಬಿಡಿ. ಪಾದದ ಸುತ್ತ ಕಾಂಕ್ರೀಟು ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೇ ನೋಡಿ, ಇದ್ದರೆ ಪೆನ್ಸಿಲ್‌ನಿಂದ ತುದಿ ಗುರುತಿಸಿ ತಾರೀಖು ಬರೆಯಿರಿ. ಬಿರುಕು ಗುರುತು ದಾಟಿದರೆ ಸುತ್ತ ಹಗ್ಗ ಕಟ್ಟಿ ಮಕ್ಕಳನ್ನು ದೂರ ಇಡಿ, ಅದೇ ದಿನ ಪಂಚಾಯಿತಿಗೆ ಬರೆದು ಕೊಡಿ.